ಟೆಸ್ಟ್ ಕವರೇಜ್ ಅಳೆಯುವುದು ಹೇಗೆ: ಪೈಥಾನ್ ಪ್ರಾಜೆಕ್ಟ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಪ್ರಾಜೆಕ್ಟ್‌ನಲ್ಲಿ 200 ಟೆಸ್ಟ್ (ಕೋಡು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಚಿಕ್ಕ ಕೋಡುಗಳು) ಇವೆ, ಎಲ್ಲವೂ ಪಾಸ್ ಆಗುತ್ತಿವೆ ಅಂದುಕೊಳ್ಳಿ. ಈಗ ಒಂದು ಪ್ರಶ್ನೆ: ಆ ಟೆಸ್ಟ್‌ಗಳು ಓಡುವಾಗ ನಿಮ್ಮ ಕೋಡಿನ ಯಾವ ಸಾಲು ಒಮ್ಮೆಯೂ ಓಡಲೇ ಇಲ್ಲ? ಇದಕ್ಕೆ ಕಣ್ಣಂದಾಜಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಕವರೇಜ್ ಅಳತೆ ಇರುವುದೇ ಈ ಉತ್ತರಕ್ಕಾಗಿ.

ಹೆಚ್ಚಿನವರು ಕವರೇಜ್ ಎಂದರೆ ಶೇಕಡಾ ಅಂಕಿ ಎಂದುಕೊಳ್ಳುತ್ತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ನಾನು ಮೊದಲು ನೋಡುವುದು ರಿಪೋರ್ಟಿನ ಕೆಂಪು ಸಾಲುಗಳನ್ನು, ಅಂದರೆ ಓಡದೆ ಉಳಿದವನ್ನು; ಅಂಕಿಯನ್ನು ಆಮೇಲೆ. ಕವರೇಜ್ ರಿಪೋರ್ಟ್ ಖಚಿತವಾಗಿ ಹೇಳುವುದು ಒಂದೇ ಮಾತು: "ಈ ಸಾಲನ್ನು ಯಾವ ಟೆಸ್ಟೂ ಮುಟ್ಟಿಲ್ಲ." ಮುಟ್ಟಿದ ಸಾಲು ಸರಿ ಇದೆ ಎಂದು ಅದು ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನದನ್ನೆಲ್ಲ ಓದಿ.

ಉದಾಹರಣೆಗೆ ಪೈಥಾನ್ ತೆಗೆದುಕೊಂಡಿದ್ದೇನೆ. ಅಲ್ಲಿ ಬಳಸುವ ಸಾಧನದ ಹೆಸರು ಕವರೇಜ್.ಪೈ. ಇದನ್ನು 2001ರಲ್ಲಿ ಗ್ಯಾರೆತ್ ರೀಸ್ ಬರೆದರು. 2004ರಿಂದ ನೆಡ್ ಬ್ಯಾಚೆಲ್ಡರ್ ನೋಡಿಕೊಳ್ಳುತ್ತಿದ್ದಾರೆ. ಕವರೇಜ್ ಎಂಬ ಯೋಚನೆ ಇನ್ನೂ ಹಳೆಯದು. 1963ರಲ್ಲೇ ಮಿಲ್ಲರ್ ಮತ್ತು ಮಲೋನಿ ಎಂಬ ಇಬ್ಬರು ಇದರ ಬಗ್ಗೆ ಪ್ರಬಂಧ ಬರೆದಿದ್ದರು.

ಒಂದು ಮಾತು. ಓದುವ ಅನುಕೂಲಕ್ಕೆ ಇಲ್ಲಿ ಕಮಾಂಡ್‌ಗಳನ್ನೂ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಹಂತ 1: ಸಿದ್ಧತೆ

ಪ್ರಾಜೆಕ್ಟ್ ಫೋಲ್ಡರಿನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟ್‌ಗೆಂದೇ ಬೇರೆಯಾದ ಪೈಥಾನ್ ಜಾಗ) ಮಾಡಿ, ಅದನ್ನು ಆನ್ ಮಾಡಿಕೊಳ್ಳಿ. ಆಮೇಲೆ:

    ಪಿಪ್ ಇನ್‌ಸ್ಟಾಲ್ ಪೈಟೆಸ್ಟ್ ಪೈಟೆಸ್ಟ್-ಕೋವ್

ಪೈಟೆಸ್ಟ್ ಎಂಬುದು ಟೆಸ್ಟ್ ಓಡಿಸುವ ಸಾಧನ, ಪೈಟೆಸ್ಟ್-ಕೋವ್ ಅದಕ್ಕೆ ಕವರೇಜ್ ಜೋಡಿಸುವ ಪ್ಲಗಿನ್. ಪೈಟೆಸ್ಟ್-ಕೋವ್ ಹಾಕಿದರೆ ಕವರೇಜ್.ಪೈ ತಾನಾಗಿಯೇ ಜೊತೆಗೆ ಬರುತ್ತದೆ. ಪೈಟೆಸ್ಟ್ ಬಳಸದವರು ಬರೀ ಕವರೇಜ್ ಹಾಕಿಕೊಂಡು "ಕವರೇಜ್ ರನ್ -ಎಂ ಯೂನಿಟ್‌ಟೆಸ್ಟ್" ಎಂದು ಓಡಿಸಬಹುದು. ಆಮೇಲೆ "ಕವರೇಜ್ ರಿಪೋರ್ಟ್" ಎಂದರೆ ಪಟ್ಟಿ ಬರುತ್ತದೆ.

ಓಡಿದ ಸಾಲುಗಳ ಲೆಕ್ಕ .ಕವರೇಜ್ ಎಂಬ ಫೈಲಿನಲ್ಲಿ ಸೇರುತ್ತದೆ. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಒಳಗಿರುವುದು ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಇದನ್ನೂ ಮುಂದೆ ಬರುವ ಎಚ್‌ಟಿಎಂಎಲ್‌ಕೋವ್ ಫೋಲ್ಡರನ್ನೂ ಈಗಲೇ .ಗಿಟ್‌ಇಗ್ನೋರ್‌ಗೆ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲುಗಳ ಪಟ್ಟಿ) ಸೇರಿಸಿಬಿಡಿ.

ಹಂತ 2: ಒಂದು ಚಿಕ್ಕ ಕೋಡು, ಒಂದು ಟೆಸ್ಟ್

ನಮ್ಮೂರಿನ ಹಾಲಿನ ಡೇರಿಗೆ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು, ಬಟವಾಡೆ ದಿನ ಎಷ್ಟು ಹಣ ಕೊಡಬೇಕು, ಇಷ್ಟೇ ಅದರ ಕೆಲಸ. ಅದರಲ್ಲಿನ ಒಂದು ಫಂಕ್ಷನ್ ಅನ್ನು ಇಲ್ಲಿ ಇಳಿಸಿ, ಸಣ್ಣದಾಗಿ ಕೊಟ್ಟಿದ್ದೇನೆ. ದರದ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಹಾಕಿದವು.

    1  ಡೆಫ್ ಹಾಲಿನ_ಹಣ(ಲೀಟರ್, ಫ್ಯಾಟ್, ಸದಸ್ಯ):
    2      ದರ = 32
    3      ಇಫ್ ಫ್ಯಾಟ್ < 3.5:
    4          ದರ = ದರ - 2
    5      ಇಫ್ ಸದಸ್ಯ:
    6          ಬೋನಸ್ = 1
    7      ರಿಟರ್ನ್ ಲೀಟರ್ * (ದರ + ಬೋನಸ್)

ಫ್ಯಾಟ್ 3.5ಕ್ಕಿಂತ ಕಡಿಮೆ ಇದ್ದರೆ ಲೀಟರಿಗೆ 2 ರೂಪಾಯಿ ಕಡಿತ. ಡೇರಿಯ ಸದಸ್ಯರಾದರೆ ಲೀಟರಿಗೆ 1 ರೂಪಾಯಿ ಜಾಸ್ತಿ. ಇದಕ್ಕೆ ಒಂದೇ ಒಂದು ಟೆಸ್ಟ್:

    ಡೆಫ್ ಟೆಸ್ಟ್_ಕಡಿಮೆ_ಫ್ಯಾಟ್_ಸದಸ್ಯ():
        ಅಸರ್ಟ್ ಹಾಲಿನ_ಹಣ(10, 3.2, ಟ್ರೂ) == 310

32ರಲ್ಲಿ 2 ಹೋಗಿ 30, ಬೋನಸ್ 1 ಸೇರಿ 31. ಹತ್ತು ಲೀಟರಿಗೆ 310. ಟೆಸ್ಟ್ ಪಾಸ್.

ಮೇಲಿನ ಏಳು ಸಾಲಿನಲ್ಲಿ ಒಂದು ತಪ್ಪಿದೆ. ಕಂಡಿತಾ? ಕಾಣದಿದ್ದರೆ ಪರವಾಗಿಲ್ಲ, ರಿಪೋರ್ಟೇ ತೋರಿಸುತ್ತದೆ.

ಹಂತ 3: ಮೊದಲ ಅಳತೆ

ಕೋಡು ಹಾಲು ಎಂಬ ಪ್ಯಾಕೇಜಿನಲ್ಲಿ ಇದೆ ಅಂದುಕೊಳ್ಳಿ. ಟರ್ಮಿನಲ್‌ನಲ್ಲಿ:

    ಪೈಟೆಸ್ಟ್ --ಕೋವ್=ಹಾಲು --ಕೋವ್-ರಿಪೋರ್ಟ್=ಟರ್ಮ್-ಮಿಸ್ಸಿಂಗ್

ಟೆಸ್ಟ್ ಮುಗಿದ ಮೇಲೆ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಮೊದಲ ಕಾಲಮ್ಮಿನಲ್ಲಿ ಫೈಲಿನ ಹೆಸರು. ಎರಡನೆಯದರಲ್ಲಿ ಓಡಬಹುದಾದ ಸಾಲುಗಳು ಎಷ್ಟು. ಮೂರನೆಯದು, ಅವುಗಳಲ್ಲಿ ಓಡದೆ ಉಳಿದವು ಎಷ್ಟು. ನಾಲ್ಕನೆಯದು ಶೇಕಡಾ. ಕೊನೆಯದರಲ್ಲಿ ಓಡದ ಸಾಲುಗಳ ನಂಬರ್. ಖಾಲಿ ಸಾಲು, ಕಾಮೆಂಟ್ ಇವು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಫೈಲಿಗೆ ಬಂದದ್ದು: ಸಾಲು 7, ಓಡದ್ದು 0, ಕವರೇಜ್ 100%.

ಒಂದೇ ಟೆಸ್ಟು, ನೂರಕ್ಕೆ ನೂರು. ಒಳಗೆ ತಪ್ಪು ಹಾಗೇ ಕೂತಿದೆ.

ಈಗ ಆ ಟೆಸ್ಟನ್ನೂ ತೆಗೆದು, ಟೆಸ್ಟ್ ಫೈಲಿನ ಮೇಲ್ಗಡೆ ಫಂಕ್ಷನ್ನನ್ನು ಇಂಪೋರ್ಟ್ ಮಾಡುವ ಸಾಲು ಮಾತ್ರ ಉಳಿಸಿ ಓಡಿಸಿ ನೋಡಿ. ಆಗಲೂ 0% ಬರುವುದಿಲ್ಲ, 14% ಬರುತ್ತದೆ. ಯಾಕೆಂದರೆ ಫೈಲ್ ಇಂಪೋರ್ಟ್ ಆಗುವಾಗ 1ನೇ ಸಾಲು, ಅಂದರೆ ಡೆಫ್ ಇರುವ ಸಾಲು, ಓಡಿಯೇ ಓಡುತ್ತದೆ. ಏಳರಲ್ಲಿ ಒಂದು. ದೊಡ್ಡ ಪ್ರಾಜೆಕ್ಟ್‌ನಲ್ಲಿ ಸಾವಿರಾರು ಡೆಫ್, ಕ್ಲಾಸ್, ಇಂಪೋರ್ಟ್ ಸಾಲು ಇರುತ್ತವೆ. ಯಾವ ಟೆಸ್ಟೂ ಮುಟ್ಟದ ಫೈಲು ಕೂಡ 20–30% ತೋರಿಸಿದರೆ ಆಶ್ಚರ್ಯಪಡಬೇಡಿ. ಅಷ್ಟಾದರೂ ಟೆಸ್ಟ್ ಆಗಿದೆ ಎಂದು ಸಮಾಧಾನವನ್ನೂ ಮಾಡಿಕೊಳ್ಳಬೇಡಿ.

ಹಂತ 4: ಬ್ರ್ಯಾಂಚ್ ಕವರೇಜ್ ಆನ್ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ.

    ಪೈಟೆಸ್ಟ್ --ಕೋವ್=ಹಾಲು --ಕೋವ್-ಬ್ರ್ಯಾಂಚ್ --ಕೋವ್-ರಿಪೋರ್ಟ್=ಟರ್ಮ್-ಮಿಸ್ಸಿಂಗ್

ಇಫ್ ಇರುವ ಕಡೆ ದಾರಿ ಕವಲೊಡೆಯುತ್ತದೆ. ಷರತ್ತು ನಿಜವಾದರೆ ಒಂದು ಕಡೆ, ಸುಳ್ಳಾದರೆ ಇನ್ನೊಂದು ಕಡೆ. ಬ್ರ್ಯಾಂಚ್ ಕವರೇಜ್ ಎರಡೂ ಕವಲಿನಲ್ಲಿ ಯಾರಾದರೂ ನಡೆದರಾ ಎಂದು ನೋಡುತ್ತದೆ. ನಮ್ಮ ಕೋಡಿನಲ್ಲಿ ಎರಡು ಇಫ್, ಅಂದರೆ ನಾಲ್ಕು ಕವಲು. ನಮ್ಮ ಟೆಸ್ಟ್ ನಡೆದದ್ದು ಎರಡರಲ್ಲಿ ಮಾತ್ರ.

ಈಗ ರಿಪೋರ್ಟ್ 82% ಎನ್ನುತ್ತದೆ. ಲೆಕ್ಕ ಹೀಗೆ: 7 ಸಾಲು, 4 ಕವಲು, ಒಟ್ಟು 11. ಓಡಿದ್ದು 7 ಸಾಲು, 2 ಕವಲು, ಒಟ್ಟು 9. ಹನ್ನೊಂದರಲ್ಲಿ ಒಂಬತ್ತು. ಕೊನೆಯ ಕಾಲಮ್ಮಿನಲ್ಲಿ 3->5 ಮತ್ತು 5->7 ಎಂದು ಕಾಣುತ್ತದೆ. "3ನೇ ಸಾಲಿನಿಂದ ನೇರವಾಗಿ 5ಕ್ಕೆ ಯಾರೂ ಹಾರಿಲ್ಲ, 5ರಿಂದ ನೇರವಾಗಿ 7ಕ್ಕೂ ಹಾರಿಲ್ಲ" ಎಂದು ಅದರ ಅರ್ಥ.

5->7 ಎಂಬುದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಸದಸ್ಯ ಅಲ್ಲದವರು ಹಾಲು ಹಾಕಿದರೆ 6ನೇ ಸಾಲು ಓಡುವುದಿಲ್ಲ. ಆಗ ಬೋನಸ್‌ಗೆ ಬೆಲೆಯೇ ಇಲ್ಲ. 7ನೇ ಸಾಲಿಗೆ ಬಂದಾಗ ಪೈಥಾನ್ ಅನ್‌ಬೌಂಡ್‌ಲೋಕಲ್‌ಎರರ್ ಎಂದು ನಿಂತುಬಿಡುತ್ತದೆ. ಬಟವಾಡೆ ದಿನ ಬೆಳಗ್ಗೆ, ಜನ ಸಾಲಿನಲ್ಲಿ ನಿಂತಿರುವಾಗ ಹೀಗಾದರೆ? ಸಾಲುಗಳ ಕವರೇಜ್ 100% ಎಂದದ್ದನ್ನು ನಂಬಿದ್ದರೆ ಆಗುತ್ತಿದ್ದುದು ಇದೇ.

ಸರಿಪಡಿಸುವುದು ಸುಲಭ. ದರ = 32 ಆದ ಮೇಲೆ ಬೋನಸ್ = 0 ಎಂದು ಒಂದು ಸಾಲು ಸೇರಿಸಿ. ಇನ್ನೊಂದು ಟೆಸ್ಟ್ ಬರೆಯಿರಿ:

    ಡೆಫ್ ಟೆಸ್ಟ್_ಒಳ್ಳೆ_ಫ್ಯಾಟ್_ಸದಸ್ಯ_ಅಲ್ಲ():
        ಅಸರ್ಟ್ ಹಾಲಿನ_ಹಣ(10, 4.0, ಫಾಲ್ಸ್) == 320

ಈಗ 8 ಸಾಲು, 4 ಕವಲು, ಎಲ್ಲವೂ ಓಡಿವೆ. ಈ ಸಲ 100% ಎಂಬುದಕ್ಕೆ ಮೊದಲಿಗಿಂತ ಜಾಸ್ತಿ ತೂಕ ಇದೆ.

ಆದರೂ ಬ್ರ್ಯಾಂಚ್ ಕವರೇಜ್ ಎಲ್ಲವನ್ನೂ ನೋಡುವುದಿಲ್ಲ. "ಇಫ್ ಫ್ಯಾಟ್ < 3.5 ಆರ್ ಎಸ್‌ಎನ್‌ಎಫ್ < 8.5" ಎಂದು ಒಂದೇ ಸಾಲಿನಲ್ಲಿ ಎರಡು ಷರತ್ತು ಬರೆದರೆ (ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ಕವರೇಜ್.ಪೈ ಇಡೀ ಇಫ್ ನಿಜವಾಯಿತಾ ಸುಳ್ಳಾಯಿತಾ ಎಂದಷ್ಟೇ ನೋಡುತ್ತದೆ. ಎಸ್‌ಎನ್‌ಎಫ್ ಕಡೆಯ ಷರತ್ತು ಒಮ್ಮೆಯಾದರೂ ಫಲಿತಾಂಶ ಬದಲಿಸಿತಾ ಎಂದು ಅದು ಕೇಳುವುದಿಲ್ಲ. ಅದನ್ನು ಕೇಳುವ ಅಳತೆಗೆ ಎಂಸಿ/ಡಿಸಿ ಎನ್ನುತ್ತಾರೆ. ವಿಮಾನದ ಸಾಫ್ಟ್‌ವೇರಿಗೆ ಸಂಬಂಧಿಸಿದ ಡಿಒ-178ಬಿ ಎಂಬ ನಿಯಮಾವಳಿ 1992ರಲ್ಲಿ ಬಂತು. ಕೆಟ್ಟರೆ ವಿಮಾನವೇ ಬೀಳಬಹುದಾದ ಭಾಗಗಳಿಗೆ ಅದು ಎಂಸಿ/ಡಿಸಿ ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ ಏವಿಯಾನಿಕ್ಸ್ ಕೆಲಸ ಮಾಡುವ ಗೆಳೆಯರಿದ್ದರೆ ಕೇಳಿ ನೋಡಿ, ಈ ನಾಲ್ಕಕ್ಷರ ಅವರಿಗೆ ದಿನದ ಮಾತು. ಎಸ್‌ಕ್ಯೂಲೈಟ್ ತಂಡ ಕೂಡ ತನ್ನ ಮುಖ್ಯ ಕೋಡಿಗೆ 100% ಎಂಸಿ/ಡಿಸಿ ಇಟ್ಟುಕೊಂಡಿದೆ. ನಮ್ಮ ನಿಮ್ಮ ಪ್ರಾಜೆಕ್ಟ್‌ಗೆ ಅಷ್ಟು ಬೇಕಾಗುವುದಿಲ್ಲ. ಆದರೆ ಒಂದು ಸಾಲಿನಲ್ಲಿ ನಾಲ್ಕು ಷರತ್ತು ತುರುಕಿದಾಗ ರಿಪೋರ್ಟಿನ ಹಸಿರು ಬಣ್ಣ ಅಷ್ಟಕ್ಕಷ್ಟೇ ಎಂಬುದು ನೆನಪಿರಲಿ.

ಹಂತ 5: ಬ್ರೌಸರ್‌ನಲ್ಲಿ ತೆರೆದು ಓದಿ

ಹತ್ತಾರು ಫೈಲು ಇದ್ದಾಗ ಟರ್ಮಿನಲ್ ಪಟ್ಟಿ ಸಾಲದು. ರಿಪೋರ್ಟ್ ಆಯ್ಕೆಯನ್ನು ಹೀಗೆ ಬದಲಿಸಿ:

    ಪೈಟೆಸ್ಟ್ --ಕೋವ್=ಹಾಲು --ಕೋವ್-ಬ್ರ್ಯಾಂಚ್ --ಕೋವ್-ರಿಪೋರ್ಟ್=ಎಚ್‌ಟಿಎಂಎಲ್

ಎಚ್‌ಟಿಎಂಎಲ್‌ಕೋವ್ ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲ್ ಇರುತ್ತದೆ, ಅದನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಯಾವುದಾದರೂ ಫೈಲಿನ ಹೆಸರು ಒತ್ತಿದರೆ ನಿಮ್ಮ ಕೋಡೇ ಬಣ್ಣ ಬಳಿದುಕೊಂಡು ಎದುರಿಗೆ ಬರುತ್ತದೆ. ಓಡದ ಸಾಲು ಕೆಂಪು. ಒಂದು ಕವಲು ಮಾತ್ರ ಓಡಿದ ಇಫ್ ಹಳದಿ. ನೀವೇ ಲೆಕ್ಕದಿಂದ ಬಿಟ್ಟದ್ದು ಬೂದು.

ನಾನು ಓದುವ ರೀತಿ ಹೀಗೆ. ಶೇಕಡಾ ಕಡಿಮೆ ಇರುವ ಫೈಲಿನಿಂದ ಶುರು ಮಾಡುವುದಿಲ್ಲ. ಹಣದ ಲೆಕ್ಕ, ಲಾಗಿನ್, ಡೇಟಾ ಅಳಿಸುವ ಕೋಡು, ಹೀಗೆ ತಪ್ಪಾದರೆ ಜನರಿಗೆ ತೊಂದರೆ ಆಗುವ ಫೈಲುಗಳನ್ನು ಮೊದಲು ತೆರೆಯುತ್ತೇನೆ. ಅಲ್ಲಿನ ಒಂದೊಂದು ಕೆಂಪು ಸಾಲಿಗೂ ಒಂದೇ ಪ್ರಶ್ನೆ: "ಇದು ಕೆಟ್ಟರೆ ನಮಗೆ ಗೊತ್ತಾಗುವುದು ಹೇಗೆ?" ಹೆಚ್ಚಿನ ಸಲ ಕೆಂಪು ಇರುವುದು ಎಕ್ಸೆಪ್ಟ್ ಒಳಗೆ. ನೆಟ್‌ವರ್ಕ್ ಹೋದರೆ ಏನು, ಫೈಲ್ ಇಲ್ಲದಿದ್ದರೆ ಏನು ಎಂಬ ಜಾಗಗಳು. ಟೆಸ್ಟ್ ಬರೆಯಲು ಬೇಜಾರಾಗುವ ಜಾಗಗಳೂ ಇವೇ. ಹಾಗಾಗಿಯೇ ಅಲ್ಲಿ ತಪ್ಪು ಜಾಸ್ತಿ ಅಡಗಿರುತ್ತದೆ.

ಕೆಲವು ಸಲ ಕೆಂಪು ಸಾಲಿಗೆ ಉತ್ತರ ಟೆಸ್ಟ್ ಆಗಿರುವುದಿಲ್ಲ, ಅಳಿಸುವುದೇ ಆಗಿರುತ್ತದೆ. ಯಾರೂ ಕರೆಯದ ಫಂಕ್ಷನ್, ಎಂದೂ ನಿಜವಾಗದ ಷರತ್ತು. ತೆಗೆದುಬಿಡಿ.

ಹಂತ 6: ಸೆಟ್ಟಿಂಗ್ ಬರೆದಿಡಿ

ಪ್ರತಿ ಸಲ ಅಷ್ಟುದ್ದ ಕಮಾಂಡ್ ಯಾಕೆ? ಪೈಪ್ರಾಜೆಕ್ಟ್.ಟಾಮ್ಲ್ ಫೈಲಿನಲ್ಲಿ ಹೀಗೆ ಬರೆದಿಡಿ:

    [ಟೂಲ್.ಕವರೇಜ್.ರನ್]
    ಬ್ರ್ಯಾಂಚ್ = ಟ್ರೂ
    ಸೋರ್ಸ್ = ["ಹಾಲು"]

    [ಟೂಲ್.ಕವರೇಜ್.ರಿಪೋರ್ಟ್]
    ಶೋ_ಮಿಸ್ಸಿಂಗ್ = ಟ್ರೂ
    ಎಕ್ಸ್‌ಕ್ಲೂಡ್_ಆಲ್ಸೋ = ["ರೈಸ್ ನಾಟ್‌ಇಂಪ್ಲಿಮೆಂಟೆಡ್‌ಎರರ್"]

ಇನ್ನು ಮುಂದೆ ಬರೀ "ಪೈಟೆಸ್ಟ್ --ಕೋವ್" ಎಂದರೆ ಸಾಕು. ಪೈಥಾನ್ 3.11ಕ್ಕಿಂತ ಹಳೆಯದು ಬಳಸುವವರು ಕವರೇಜ್ ಹಾಕುವಾಗ ಹೆಸರಿನ ಕೊನೆಗೆ ಚೌಕ ಆವರಣದಲ್ಲಿ ಟಾಮ್ಲ್ ಎಂದು ಸೇರಿಸಿ ಹಾಕಬೇಕು. ಇಲ್ಲವಾದರೆ ಈ ಸೆಟ್ಟಿಂಗನ್ನು ಅದು ಓದುವುದಿಲ್ಲ.

ಸೋರ್ಸ್ ಎಂಬ ಸಾಲನ್ನು ಮರೆಯಬೇಡಿ. ಅದು ಇಲ್ಲದಿದ್ದರೆ ಟೆಸ್ಟ್ ಓಡುವಾಗ ಇಂಪೋರ್ಟ್ ಆದ ಫೈಲುಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಯಾವ ಟೆಸ್ಟೂ ತಿರುಗಿ ನೋಡದ ಫೈಲು ರಿಪೋರ್ಟಿನಲ್ಲೇ ಇರುವುದಿಲ್ಲ. 0% ಎಂದು ತೋರಿಸಬೇಕಾದದ್ದು ಪಟ್ಟಿಯಿಂದಲೇ ಮಾಯ! ಒಟ್ಟು ಅಂಕಿ ಸುಮ್ನೆ ಚೆನ್ನಾಗಿ ಕಾಣುತ್ತದೆ. ಸೋರ್ಸ್ ಹಾಕಿದ ಮೇಲೂ ಯಾವುದೋ ಒಳಗಿನ ಫೋಲ್ಡರ್ ಕಾಣುತ್ತಿಲ್ಲ ಎಂದರೆ, ಅದರಲ್ಲಿ ಇನಿಟ್ ಫೈಲ್ ಇದೆಯಾ ನೋಡಿ. ಇನಿಟ್ ಇಲ್ಲದ ಫೋಲ್ಡರನ್ನು ಕವರೇಜ್.ಪೈ ಪ್ಯಾಕೇಜ್ ಎಂದು ಪರಿಗಣಿಸುವುದಿಲ್ಲ, ಒಳಗೆ ಹುಡುಕುವುದೂ ಇಲ್ಲ.

ಲೆಕ್ಕದಿಂದ ಒಂದು ಸಾಲನ್ನು ಬಿಡಬೇಕಾದರೆ ಅದರ ಕೊನೆಗೆ "# ಪ್ರಾಗ್ಮಾ: ನೋ ಕವರ್" ಎಂದು ಬರೆಯಬೇಕು. ಇಫ್ ಅಥವಾ ಡೆಫ್ ಸಾಲಿಗೆ ಬರೆದರೆ ಅದರೊಳಗಿನ ಇಡೀ ಬ್ಲಾಕ್ ಹೋಗುತ್ತದೆ. ಇದನ್ನು ಉಪ್ಪಿನ ಹಾಗೆ ಬಳಸಿ. ವಿಂಡೋಸ್‌ನಲ್ಲಿ ಮಾತ್ರ ಓಡುವ ಭಾಗ, ಡಿಬಗ್‌ಗೆಂದು ಬರೆದದ್ದು, ಇಂಥದ್ದಕ್ಕೆ ಸರಿ. ಟೆಸ್ಟ್ ಬರೆಯುವುದು ಕಷ್ಟ ಎಂಬ ಕಾರಣಕ್ಕೆ ಹಾಕಿದರೆ ನಾಳೆ ಕೋಡು ಓದುವವರಿಗೆ ಮೋಸ ಮಾಡಿದಂತೆ. ನನ್ನ ಅಭ್ಯಾಸ: ಪ್ರಾಗ್ಮಾ ಹಾಕಿದ ಕಡೆಯೆಲ್ಲ ಅದರ ಮೇಲಿನ ಸಾಲಿನಲ್ಲಿ ಯಾಕೆ ಎಂದು ಒಂದು ಕಾಮೆಂಟ್ ಬರೆಯುವುದು.

ಹಂತ 7: ಅಂಕಿ ತಪ್ಪು ಬಂದಾಗ

"ಯಾವ ಡೇಟಾವೂ ಸಿಗಲಿಲ್ಲ" ಎಂಬ ಎಚ್ಚರಿಕೆ ಬಂದರೆ ಹೆಚ್ಚಿನ ಸಲ ಕೋವ್ ಮುಂದೆ ಕೊಟ್ಟ ಹೆಸರು ತಪ್ಪಿರುತ್ತದೆ. ಪಿಪ್‌ನಲ್ಲಿ ಪ್ಯಾಕೇಜಿಗೆ ಇರುವ ಹೆಸರು ಒಂದು, ಇಂಪೋರ್ಟ್ ಮಾಡುವ ಹೆಸರು ಇನ್ನೊಂದು ಇರಬಹುದು. ಕೊಡಬೇಕಾದದ್ದು ಇಂಪೋರ್ಟ್ ಮಾಡುವ ಹೆಸರು.

ನಿಮ್ಮ ಕೋಡು ಇನ್ನೊಂದು ಪ್ರಾಸೆಸ್ ಶುರು ಮಾಡಿ ಅಲ್ಲಿ ಕೆಲಸ ಮಾಡಿಸುತ್ತದೆಯೇ? ಆ ಪ್ರಾಸೆಸ್‌ನಲ್ಲಿ ಓಡಿದ ಸಾಲುಗಳು ತಾವಾಗಿ ಲೆಕ್ಕಕ್ಕೆ ಸೇರುವುದಿಲ್ಲ. ಕವರೇಜ್.ಪೈನ ಹೊಸ ಆವೃತ್ತಿಗಳಲ್ಲಿ ರನ್ ವಿಭಾಗದಲ್ಲಿ "ಪ್ಯಾಚ್ = ["ಸಬ್‌ಪ್ರಾಸೆಸ್"]" ಎಂದು ಬರೆದರೆ ಅದೂ ಸೇರುತ್ತದೆ. ಹಲವು ಕಡೆ, ಉದಾಹರಣೆಗೆ ಪೈಥಾನಿನ ಮೂರು ಆವೃತ್ತಿಗಳಲ್ಲಿ, ಬೇರೆ ಬೇರೆಯಾಗಿ "ಕವರೇಜ್ ರನ್" ಮೂಲಕ ಟೆಸ್ಟ್ ಓಡಿಸುವವರು "ಪ್ಯಾರಲಲ್ = ಟ್ರೂ" ಹಾಕಿಕೊಳ್ಳಿ. ಆಗ ಪ್ರತಿ ಓಟದ ಡೇಟಾ ಬೇರೆ ಬೇರೆ ಹೆಸರಿನ ಫೈಲಿಗೆ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಫೋಲ್ಡರಿಗೆ ತಂದು "ಕವರೇಜ್ ಕಂಬೈನ್" ಎಂದರೆ ಒಟ್ಟಾಗುತ್ತದೆ. ಪೈಟೆಸ್ಟ್-ಎಕ್ಸ್‌ಡಿಸ್ಟ್ ಬಳಸಿ ಟೆಸ್ಟ್‌ಗಳನ್ನು ಹಂಚಿ ಓಡಿಸುವವರಿಗೆ ಈ ತಾಪತ್ರಯ ಇಲ್ಲ, ಪೈಟೆಸ್ಟ್-ಕೋವ್ ತಾನೇ ಕೂಡಿಸುತ್ತದೆ.

ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೂ ಅದು ನಿಲ್ಲದೆ ಮುಂದೆ ಹೋದರೆ ಕಾರಣ ಕವರೇಜೇ ಇರಬಹುದು. ಇಬ್ಬರೂ ಪೈಥಾನಿನ ಒಂದೇ ಕೊಕ್ಕೆಗೆ ಜೋತು ಬೀಳುತ್ತಾರೆ. ಡಿಬಗ್ ಮಾಡುವಾಗ "--ನೋ-ಕೋವ್" ಎಂದು ಸೇರಿಸಿ. ಕವರೇಜ್ ಜೊತೆ ಟೆಸ್ಟ್ ನಿಧಾನ ಆಗುವುದೂ ಇದೇ ಕಾರಣಕ್ಕೆ, ಒಂದೊಂದು ಸಾಲು ಓಡುವಾಗಲೂ ಬರೆದುಕೊಳ್ಳಬೇಕಲ್ಲ. ಪೈಥಾನ್ 3.12ರಲ್ಲಿ ಬಂದ ಹೊಸ ಮಾನಿಟರಿಂಗ್ ವ್ಯವಸ್ಥೆ ಈ ಹೊರೆಯನ್ನು ಕಡಿಮೆ ಮಾಡಿದೆ.

ಹಂತ 8: ಎಷ್ಟು ಶೇಕಡಾ ಇರಬೇಕು?

ಎಲ್ಲರೂ ಕೇಳುವ ಪ್ರಶ್ನೆ. ಗೂಗಲ್ 2020ರಲ್ಲಿ ಪ್ರಕಟಿಸಿದ ತನ್ನ ಮಾರ್ಗಸೂಚಿಯಲ್ಲಿ 60% ಆದರೆ ಪರವಾಗಿಲ್ಲ, 75% ಮೆಚ್ಚತಕ್ಕದ್ದು, 90% ಮಾದರಿ ಎಂದಿತ್ತು. ಎಲ್ಲ ಪ್ರಾಜೆಕ್ಟ್‌ಗೂ ಹೊಂದುವ ಒಂದೇ ಅಂಕಿ ಇಲ್ಲ ಎಂದೂ ಅದರಲ್ಲೇ ಇತ್ತು. ಆ ಎರಡನೇ ಮಾತು ನನಗೆ ಹೆಚ್ಚು ಮುಖ್ಯ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ 80% ಇಲ್ಲದಿದ್ದರೆ ಕೋಡು ಮರ್ಜ್ ಆಗುತ್ತಿರಲಿಲ್ಲ. ರಿಲೀಸ್ ಹತ್ತಿರ ಬಂದಾಗ ಏನಾಗುತ್ತಿತ್ತು ಗೊತ್ತಾ? ಫಂಕ್ಷನ್ನನ್ನು ಕರೆಯುವುದು, ಅಷ್ಟೇ. ಅಸರ್ಟ್ ಇಲ್ಲ. ಬಂದ ಉತ್ತರ ಸರಿಯಾ ತಪ್ಪಾ ಎಂದು ನೋಡುವ ಸಾಲೇ ಇಲ್ಲದ ಟೆಸ್ಟ್‌ಗಳು. ಸಾಲುಗಳು ಓಡುತ್ತವೆ, ಕವರೇಜ್ ಏರುತ್ತದೆ. ನಮ್ಮ ಹಾಲಿನ ಉದಾಹರಣೆಯಲ್ಲೂ ಎರಡೂ ಟೆಸ್ಟ್‌ನಿಂದ ಅಸರ್ಟ್ ತೆಗೆದು ಬರೀ ಫಂಕ್ಷನ್ ಕರೆದು ನೋಡಿ. ಆಗಲೂ 100%. ಆ ಹಳೆ ಕೆಲಸದಲ್ಲಿ ಒಂದು ದಿನ ಅಂಥ ಒಂದು ಫಂಕ್ಷನ್ ರಿಯಾಯಿತಿಯನ್ನು ಎರಡು ಸಲ ಕಳೆಯುತ್ತಿದೆ ಎಂದು ಗ್ರಾಹಕರಿಂದಲೇ ನಮಗೆ ಗೊತ್ತಾಯಿತು. ಆ ಫೈಲಿನ ಕವರೇಜ್ 90ರ ಮೇಲಿತ್ತು. ಆ ದಿನದಿಂದ ನಾನು ಯಾರಿಗೂ ಬರೀ ಅಂಕಿಯ ಗುರಿ ಕೊಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು? ಒಟ್ಟು ಅಂಕಿಗೆ ಒಂದು ತಳಮಟ್ಟ ಇಡಿ, ಅದು ಇಳಿಯದಂತೆ ನೋಡಿಕೊಳ್ಳಿ. ಈಗ 43% ಇದ್ದರೆ ರಿಪೋರ್ಟ್ ವಿಭಾಗದಲ್ಲಿ "ಫೇಲ್_ಅಂಡರ್ = 43" ಎಂದು ಬರೆಯಿರಿ. ಅದಕ್ಕಿಂತ ಕೆಳಗೆ ಹೋದರೆ ಓಟವೇ ಫೇಲ್ ಆಗುತ್ತದೆ. 45 ಮುಟ್ಟಿದಾಗ ಅದನ್ನೂ 45 ಮಾಡಿ. ಬಾವಿಯಿಂದ ಹಗ್ಗ ಎಳೆಯುವಾಗ ಎಳೆದಷ್ಟನ್ನು ಕೈಯಲ್ಲಿ ಹಿಡಿದುಕೊಳ್ಳುತ್ತೇವಲ್ಲ, ಹಾಗೆ.

ಹಂತ 9: ಹೊಸ ಕೋಡಿಗೆ ಬೇರೆ ಕಟ್ಟುನಿಟ್ಟು

ಐದಾರು ವರ್ಷದ ಹಳೆ ಕೋಡಿಗೆ ಈಗ ಕೂತು ಟೆಸ್ಟ್ ಬರೆಯಲು ಯಾವ ಮ್ಯಾನೇಜರೂ ಸಮಯ ಕೊಡುವುದಿಲ್ಲ. ಇವತ್ತು ಬರೆಯುವ ಕೋಡಿಗೆ ಟೆಸ್ಟ್ ಬರೆಯಬಹುದು, ಅಲ್ವಾ? ಇದಕ್ಕೆ ಡಿಫ್-ಕವರ್ ಎಂಬ ಸಾಧನ ಇದೆ. ಗಿಟ್‌ನಲ್ಲಿ ನೀವು ಬದಲಿಸಿದ ಸಾಲುಗಳನ್ನು ಮಾತ್ರ ತೆಗೆದುಕೊಂಡು, ಅವುಗಳಲ್ಲಿ ಎಷ್ಟು ಓಡಿವೆ ಎಂದು ಹೇಳುತ್ತದೆ.

    ಪಿಪ್ ಇನ್‌ಸ್ಟಾಲ್ ಡಿಫ್-ಕವರ್
    ಪೈಟೆಸ್ಟ್ --ಕೋವ್ --ಕೋವ್-ರಿಪೋರ್ಟ್=ಎಕ್ಸ್‌ಎಂಎಲ್
    ಡಿಫ್-ಕವರ್ ಕವರೇಜ್.ಎಕ್ಸ್‌ಎಂಎಲ್ --ಕಂಪೇರ್-ಬ್ರಾಂಚ್=ಒರಿಜಿನ್/ಮೇನ್ --ಫೇಲ್-ಅಂಡರ್=90

ಹಳೆಯ ಕೋಡು 43% ಇದ್ದರೂ ಇರಲಿ. ಹೊಸದಾಗಿ ಮುಟ್ಟಿದ ಸಾಲುಗಳಲ್ಲಿ 90% ಆದರೂ ಟೆಸ್ಟ್ ಕಂಡಿರಬೇಕು. ತಂಡದಲ್ಲಿ ಇದಕ್ಕೆ ಯಾರೂ ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ತಾನು ಬರೆದ ಹದಿನೈದು ಸಾಲಿಗೆ ತಾನೇ ಟೆಸ್ಟ್ ಬರೆಯುವುದು ನ್ಯಾಯ ಎಂದು ಎಲ್ಲರಿಗೂ ಅನ್ನಿಸುತ್ತದೆ.

ಕೋಡು ಕಳಿಸಿದಾಗೆಲ್ಲ ತಾನಾಗಿ ಟೆಸ್ಟ್ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಇದನ್ನು ಹಾಕುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. ಅಲ್ಲಿನ ಚೆಕ್‌ಔಟ್ ಹಂತ ಸಾಮಾನ್ಯವಾಗಿ ಕೊನೆಯ ಒಂದು ಕಮಿಟ್ ಮಾತ್ರ ಇಳಿಸಿಕೊಳ್ಳುತ್ತದೆ. ಹೋಲಿಸಲು ಮೇನ್ ಬ್ರಾಂಚೇ ಇರುವುದಿಲ್ಲ, ಡಿಫ್-ಕವರ್ ಎರರ್ ಕೊಡುತ್ತದೆ. ಚೆಕ್‌ಔಟ್‌ಗೆ "ಫೆಚ್-ಡೆಪ್ತ್: 0" ಎಂದು ಹೇಳಿದರೆ ಇಡೀ ಇತಿಹಾಸ ಬರುತ್ತದೆ, ಸಮಸ್ಯೆ ಹೋಗುತ್ತದೆ.

ಹಳೆ ಕೋಡನ್ನು ಬದಲಿಸಲು ಭಯವಾದಾಗ ನನಗೆ ಬಹಳ ಉಪಯೋಗಕ್ಕೆ ಬಂದ ಇನ್ನೊಂದು ಸಂಗತಿ ಇದೆ. "ಪೈಟೆಸ್ಟ್ --ಕೋವ್ --ಕೋವ್-ಕಾಂಟೆಕ್ಸ್ಟ್=ಟೆಸ್ಟ್ --ಕೋವ್-ರಿಪೋರ್ಟ್=ಎಚ್‌ಟಿಎಂಎಲ್" ಎಂದು ಓಡಿಸಿ, ಸೆಟ್ಟಿಂಗಿನಲ್ಲಿ ಎಚ್‌ಟಿಎಂಎಲ್ ವಿಭಾಗಕ್ಕೆ "ಶೋ_ಕಾಂಟೆಕ್ಸ್ಟ್ಸ್ = ಟ್ರೂ" ಎಂದು ಹಾಕಿ. ಆಗ ರಿಪೋರ್ಟಿನಲ್ಲಿ ಪ್ರತಿ ಸಾಲಿನ ಪಕ್ಕ ಅದನ್ನು ಯಾವ ಯಾವ ಟೆಸ್ಟ್ ಓಡಿಸಿತು ಎಂಬ ಪಟ್ಟಿ ಸಿಗುತ್ತದೆ. ಬದಲಿಸಬೇಕಾದ ಸಾಲನ್ನು ಇಪ್ಪತ್ತು ಟೆಸ್ಟ್ ಮುಟ್ಟುತ್ತಿದ್ದರೆ ಧೈರ್ಯವಾಗಿ ಕೈ ಹಾಕಬಹುದು. ಸಂಬಂಧವೇ ಇಲ್ಲದ ಒಂದು ಟೆಸ್ಟ್ ದಾರಿಯಲ್ಲಿ ಹಾದುಹೋಗುವಾಗ ಮುಟ್ಟಿದ್ದರೆ, ಮೊದಲು ಅಲ್ಲಿಗೆಂದೇ ಒಂದು ಟೆಸ್ಟ್ ಬರೆಯುತ್ತೇನೆ.

ಬೇರೆ ಭಾಷೆಯವರಿಗೆ: ಜಾವಾದಲ್ಲಿ ಜಕೋಕೋ, ಜಾವಾಸ್ಕ್ರಿಪ್ಟ್‌ನಲ್ಲಿ ಇಸ್ತಾಂಬುಲ್, ಸಿ ಭಾಷೆಗೆ ಜಿಕೋವ್. ಗೋ ಭಾಷೆಯಲ್ಲಿ ಹೊರಗಿನದು ಏನೂ ಬೇಡ, "ಗೋ ಟೆಸ್ಟ್ -ಕವರ್" ಎಂದರೆ ಆಯಿತು. ಹೆಸರು ಬೇರೆ, ಮೇಲೆ ಹೇಳಿದ ಯೋಚನೆ ಎಲ್ಲ ಕಡೆ ಒಂದೇ.

ಹಂತ 10: ಕವರೇಜ್ ಕಾಣದ್ದನ್ನು ಹುಡುಕಿ

ನಮ್ಮ ಹಾಲಿನ ಫಂಕ್ಷನ್ನಿಗೆ ಮತ್ತೆ ಬರೋಣ. ಎರಡು ಟೆಸ್ಟ್, ಬ್ರ್ಯಾಂಚ್ ಸೇರಿ 100%. ಇಷ್ಟಕ್ಕೇ ಬಿಡಬಹುದಾ?

ಕವರೇಜ್‌ಗೆ ಕಾಣದ ಮೊದಲ ವಿಷಯ: ಬರೆಯದೇ ಇರುವ ಕೋಡು. ಲೀಟರ್ ಜಾಗದಲ್ಲಿ ಯಾರೋ ತಪ್ಪಿ -10 ಎಂದು ಟೈಪ್ ಮಾಡಿದರೆ? ಅದನ್ನು ತಡೆಯುವ ಸಾಲನ್ನು ನಾನು ಬರೆದೇ ಇಲ್ಲ. ಇಲ್ಲದ ಸಾಲು ಕೆಂಪಾಗುವುದು ಹೇಗೆ? ಇಂಥದ್ದು ರಿಪೋರ್ಟಿನಲ್ಲಿ ಎಂದೂ ಸಿಗುವುದಿಲ್ಲ. ಹಾಲು ಅಳೆಯುವವರ ಜೊತೆ ಅರ್ಧ ಗಂಟೆ ಕೂತರೆ ಸಿಗುತ್ತದೆ.

ಎರಡನೆಯದು: ಓಡಿದ ಸಾಲನ್ನು ಟೆಸ್ಟ್ ನಿಜವಾಗಿ ಪರೀಕ್ಷಿಸಿತಾ ಎಂಬುದು. ಇದಕ್ಕೆ ಮ್ಯುಟೇಷನ್ ಟೆಸ್ಟಿಂಗ್ ಎಂಬ ದಾರಿ ಇದೆ. 1971ರಲ್ಲಿ ರಿಚರ್ಡ್ ಲಿಪ್ಟನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಹೊಳೆದ ಯೋಚನೆ ಇದು. ಸಾಧನವೇ ನಿಮ್ಮ ಕೋಡನ್ನು ಬೇಕೆಂದೇ ಒಂದೊಂದು ಕಡೆ ಕೆಡಿಸುತ್ತದೆ. ಕೂಡಿಸುವ ಕಡೆ ಕಳೆಯುತ್ತದೆ, 32 ಇದ್ದಲ್ಲಿ 33 ಮಾಡುತ್ತದೆ. ಪ್ರತಿ ಸಲ ಕೆಡಿಸಿ ಟೆಸ್ಟ್ ಓಡಿಸುತ್ತದೆ. ಟೆಸ್ಟ್ ಫೇಲ್ ಆದರೆ ಒಳ್ಳೆಯದು, ನಿಮ್ಮ ಟೆಸ್ಟ್ ಎಚ್ಚರವಾಗಿದೆ. ಕೆಡಿಸಿದರೂ ಪಾಸ್ ಆದರೆ ಆ ಜಾಗವನ್ನು ಯಾರೂ ಕಾಯುತ್ತಿಲ್ಲ ಎಂದರ್ಥ.

ಪೈಥಾನ್‌ನಲ್ಲಿ ಇದಕ್ಕೆ ಮ್ಯುಟ್‌ಮ್ಯುಟ್ ಬಳಸಬಹುದು. ಹಾಕಿಕೊಂಡು "ಮ್ಯುಟ್‌ಮ್ಯುಟ್ ರನ್", ಮುಗಿದ ಮೇಲೆ "ಮ್ಯುಟ್‌ಮ್ಯುಟ್ ರಿಸಲ್ಟ್ಸ್". ಕೆಡಿಸಿದ ಪ್ರತಿ ಸಲವೂ ಟೆಸ್ಟ್ ಓಡಿಸಬೇಕಾದ್ದರಿಂದ ಬಹಳ ಹೊತ್ತು ಹಿಡಿಯುತ್ತದೆ. ಇಡೀ ಪ್ರಾಜೆಕ್ಟ್‌ಗೆ ಬೇಡ, ಹಣದ ಲೆಕ್ಕದಂಥ ಒಂದೆರಡು ಫೈಲಿಗೆ ಸಾಕು.

ನಮ್ಮ ಫಂಕ್ಷನ್ನಿನಲ್ಲಿ ಇದನ್ನು ಕೈಯಲ್ಲೇ ಮಾಡಿ ನೋಡಬಹುದು. 32ನ್ನು 33 ಮಾಡಿ, ಟೆಸ್ಟ್ ಫೇಲ್. ಬೋನಸ್ 0ಯನ್ನು 1 ಮಾಡಿ, ಎರಡನೇ ಟೆಸ್ಟ್ ಫೇಲ್. 3.5ನ್ನು 4.5 ಮಾಡಿ, ಅದೂ ಫೇಲ್, ಯಾಕೆಂದರೆ 4.0 ಫ್ಯಾಟಿನ ಹಾಲಿಗೂ ಕಡಿತ ಬಿದ್ದು 300 ಬರುತ್ತದೆ. ಈಗ "ಫ್ಯಾಟ್ < 3.5" ಎಂಬಲ್ಲಿ "<" ತೆಗೆದು "<=" ಹಾಕಿ. ಎರಡೂ ಟೆಸ್ಟ್ ಪಾಸ್!

ಅಂದರೆ ಫ್ಯಾಟ್ ಸರಿಯಾಗಿ 3.5 ಬಂದರೆ ಏನಾಗಬೇಕು ಎಂದು ನನ್ನ ಟೆಸ್ಟ್‌ಗಳಲ್ಲಿ ಒಂದೂ ಹೇಳುತ್ತಿರಲಿಲ್ಲ. ಯೋಚಿಸಿದರೆ ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಡೇರಿ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದೆ. "ಮೂರೂವರೆ ಬಂದ್ರೆ ಕಡಿತ ಇಲ್ಲ ಸ್ವಾಮಿ, ಅದಕ್ಕಿಂತ ಕೆಳಗೆ ಹೋದ್ರೆ ಮಾತ್ರ" ಎಂದರು. ಫೋನ್ ಇಟ್ಟು ಮೂರನೇ ಟೆಸ್ಟ್ ಬರೆದೆ:

    ಡೆಫ್ ಟೆಸ್ಟ್_ಮೂರೂವರೆಗೆ_ಕಡಿತ_ಇಲ್ಲ():
        ಅಸರ್ಟ್ ಹಾಲಿನ_ಹಣ(10, 3.5, ಫಾಲ್ಸ್) == 320

ಕವರೇಜ್ ಮೊದಲೂ 100% ಇತ್ತು, ಈಗಲೂ 100%. ಆದರೆ ಈಗ ಯಾರಾದರೂ ಆ "<" ಚಿಹ್ನೆಯನ್ನು ಮುಟ್ಟಿದರೆ ಟೆಸ್ಟ್ ಫೇಲ್ ಆಗುತ್ತದೆ.